ಈಜುವ ಪತಂಗ

ಈ ಪತಂಗ ಈಜುತ್ತದೆ. ಹೌದು, ಪತಂಗವೇ! ನೆದರ್‌ಲ್ಯಾಂಡ್ಸ್‌ನ ಕೆರೆ ಕಾಲುವೆಗಳಲ್ಲಿ ಬಾಳುವ ಅಸೆಂಟ್ರಿಯಾ ಎಫೆಮೆರೆಲ್ಲಾ ಜಾತಿಯ ಹೆಣ್ಣುಗಳಲ್ಲಿ ಹೆಚ್ಚಿನವಕ್ಕೆ ಹಾರಬಲ್ಲ ರೆಕ್ಕೆಯಿಲ್ಲ, ಇರುವುದು ಮೋಟು ತುಣುಕುಗಳಷ್ಟೇ. ಕಾಲುಗಳ ಅಂಚಿನಲ್ಲಿ ಮಾತ್ರ ಒತ್ತಾದ ಕೂದಲ ಸಾಲು. ನೀರನ್ನು ಹಿಂದಕ್ಕೆ ತಳ್ಳುವುದು ಅದೇ. ಬೇಸಿಗೆಯ ರಾತ್ರಿ ಹೆಣ್ಣು ಮೇಲೆ ಬಂದು ಹೊಟ್ಟೆಯ ತುದಿಯನ್ನಷ್ಟೇ ಗಾಳಿಗೆ ಚಾಚುತ್ತದೆ. ಪುಟ್ಟ ಬಿಳಿ ಗಂಡು ನೀರನ್ನು ಸವರುತ್ತಲೇ ಹಾರಿ ಬಂದು ಕೂಡುತ್ತದೆ. ಆಮೇಲೆ ಹೆಣ್ಣು ಮತ್ತೆ ಮುಳುಗಿ, ಆಳದ ಗಿಡಗಳಿಗೆ ಮೊಟ್ಟೆ ಅಂಟಿಸುತ್ತದೆ. ಗಂಡಿಗೆ ಉಳಿದಿರುವ ಆಯಸ್ಸು ಒಂದೆರಡು ದಿನ!

1791ರಲ್ಲಿ ಫ್ರಾನ್ಸ್‌ನ ಕೀಟತಜ್ಞ ಒಲಿವಿಯೇ ಇದನ್ನು ಪತಂಗವೆಂದೇ ಎಣಿಸದೆ ಕ್ಯಾಡಿಸ್ ನೊಣಗಳ ಗುಂಪಿಗೆ ಸೇರಿಸಿದ್ದ. ಯಾರು ತಾನೇ ನಂಬಿಯಾರು?

ಮರಿಹುಳುವಿನ ಬಾಳು ಇನ್ನೂ ಸೋಜಿಗ. ಅದಕ್ಕೆ ಕಿವಿರಿಲ್ಲ, ನೀರಲ್ಲಿ ಕರಗಿದ ಆಮ್ಲಜನಕವನ್ನು ಚರ್ಮದಿಂದಲೇ ಹೀರುತ್ತದೆ. ಕೋಶಾವಸ್ಥೆಗೆ ಹೋಗುವಾಗ ಜಲಸಸ್ಯದ ದಂಟಿಗೆ ಅಂಟಿಸಿ ರೇಷ್ಮೆ ಗೂಡು ನೇಯ್ದು, ದಂಟಿಗೇ ತೂತು ಕೊರೆಯುತ್ತದೆ. ದಂಟಿನೊಳಗಿನ ಗಾಳಿ ಗೂಡಿಗೆ ತುಂಬಿಕೊಳ್ಳುತ್ತದೆ. ನೀರಿನಡಿಯಲ್ಲಿ ಒಣ ಕೋಣೆ! ಗಿಡದ ಉಸಿರನ್ನೇ ಕಡ ತಂದು ಕಟ್ಟಿದ ಮನೆ! ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ.

ಇದೊಂದೇ ಅಲ್ಲ. ಎಲೋಫಿಲಾ ನಿಂಫಿಯಾಟಾ ಎಂಬ ಮತ್ತೊಂದರ ಹುಳು ನೈದಿಲೆಯ ಎಲೆಯಿಂದ ಅಂಡಾಕಾರದ ತುಂಡು ಕತ್ತರಿಸಿ, ಹೊಲಿದು, ಒಳಗೆ ಸೇರಿಕೊಳ್ಳುತ್ತದೆ. ಎಳೆಯದಿದ್ದಾಗ ಆ ಚೀಲದಲ್ಲಿ ನೀರು, ಬೆಳೆದ ಮೇಲೆ ಗಾಳಿ. ಇನ್ನು ಪ್ಯಾರಾಪಾಯಿಂಕ್ಸ್ ಸ್ಟ್ರಾಟಿಯೊಟಾಟಾ: ಇದರ ಹುಳುವಿನ ಮೈತುಂಬ ಕವಲೊಡೆದ ಕಿವಿರಿನ ಎಳೆಗಳು! ಮೈ ಬಳುಕಿಸುತ್ತ ಅವುಗಳ ಮೇಲೆ ಹೊಸ ನೀರು ಹಾಯಿಸಿಕೊಳ್ಳುತ್ತದೆ. ನೆದರ್‌ಲ್ಯಾಂಡ್ಸ್‌ನ ಓವರೈಸೆಲ್ ಪ್ರಾಂತ್ಯದ ವೇರಿಬ್ಬೆನ್-ವೀಡೆನ್‌ನಲ್ಲಿ, ಹಿಂದೆ ಜನ ಉರುವಲಿಗಾಗಿ ಪೀಟ್ ಎಂಬ ಜೌಗು ಮಣ್ಣನ್ನು ತೋಡಿ ಬಿಟ್ಟ ಹಳ್ಳಗಳಲ್ಲಿ, ಸ್ಟ್ರಾಟಿಯೊಟಿಸ್ ಎಂಬ ಮುಳ್ಳೆಲೆಯ ಗಿಡ ಬೇಸಿಗೆಗೆ ಮೇಲೆದ್ದು ಚಳಿಗೆ ತಳ ಸೇರುತ್ತದೆ. ಈ ಪತಂಗದ ಹೆಸರಿನ ಮೂಲ ಆ ಗಿಡವೇ.

ಪ್ಯಾರಾಪಾಯಿಂಕ್ಸ್ ಕುಲ ನಮಗೇನೂ ಹೊಸದಲ್ಲ. ನಮ್ಮ ಭತ್ತದ ಗದ್ದೆಯ ಕೊಳವೆ ಹುಳು ಅದೇ ಕುಲದ್ದು, ಪ್ಯಾರಾಪಾಯಿಂಕ್ಸ್ ಸ್ಟ್ಯಾಗ್ನಾಲಿಸ್, ಅದಕ್ಕೂ ಕಿವಿರುಂಟು! ಭತ್ತದ ಎಲೆಯ ತುದಿ ಕತ್ತರಿಸಿ, ಸುರುಳಿ ಸುತ್ತಿ, ಆ ಕೊಳವೆಯಲ್ಲೇ ಕೂತು ನೀರ ಮೇಲೆ ತೇಲುತ್ತದೆ. ರೈತರು ಪೈರಿನ ಮೇಲೆ ಹಗ್ಗ ಎಳೆದು ಕೊಳವೆಗಳನ್ನು ಉದುರಿಸಿ, ಗದ್ದೆಯ ನೀರನ್ನು ಹೊರಬಿಡುವುದು ಅದಕ್ಕೇ: ನೀರು ಬತ್ತಿದರೆ ಹುಳುವಿಗೆ ಉಸಿರಿಲ್ಲ.