ಬೀಗ ಇದ್ದರೆ ಸಾಲದೆ?

ಭದ್ರಾವತಿಯ ಕಾಲೇಜು ವಿದ್ಯಾರ್ಥಿನಿಯೊಬ್ಬರು ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿ ಒಂದು ಪ್ರಶ್ನೆ ಕೇಳಿದರು. "ಸರ್, ವೆಬ್‌ಪುಟದ ವಿಳಾಸದ ಪಕ್ಕ ಬೀಗದ ಚಿತ್ರ ಇದ್ದರೆ ಭಯವಿಲ್ಲ ಅಂತಾರೆ. ಆದರೂ ಹೆಸರುವಾಸಿ ಜಾಲತಾಣಗಳಲ್ಲೇ ಮೋಸ ಆಗುತ್ತಲ್ಲ, ಅದು ಹೇಗೆ?" ತಜ್ಞರು ಉತ್ತರ ಶುರುಮಾಡುವಷ್ಟರಲ್ಲಿ ಸಮಯ ಮುಗಿಯಿತು. ಅರ್ಧಕ್ಕೆ ನಿಂತ ಆ ಉತ್ತರವನ್ನು ಇಲ್ಲಿ ಪೂರ್ತಿ ಮಾಡೋಣ.

ಮೊದಲು ನನ್ನದೇ ಒಂದು ಪೇಚಾಟ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಾನಿನ್ನೂ ಸಹಾಯಕನಾಗಿದ್ದಾಗ, ಭದ್ರಾವತಿಯಲ್ಲಿ ಚಿತ್ರೀಕರಿಸಿದ ಕ್ಯಾಸೆಟ್ಟನ್ನು ಶಿವಮೊಗ್ಗದಿಂದ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕಳುಹಿಸಿದೆವು. ಡಬ್ಬಿಗೆ ಅಂಟುಪಟ್ಟಿ ಸುತ್ತಿ, ಅದರ ಮೇಲೆ ಸಹಿಯನ್ನೂ ಹಾಕಿದ್ದೆ. ಬೆಳಿಗ್ಗೆ ಡಬ್ಬಿ ತಲುಪಿತು. ಅಂಟುಪಟ್ಟಿ ಹರಿದಿರಲಿಲ್ಲ, ಚೀಟಿಯಲ್ಲಿ 'ಭದ್ರಾವತಿ, ಭಾಗ 2' ಎಂದೇ ಇತ್ತು. ಯಂತ್ರಕ್ಕೆ ಹಾಕಿ ನೋಡಿದರೆ ಯಾರದೋ ಮದುವೆ! ದಾರಿಯಲ್ಲಿ ಯಾರೂ ಮುಟ್ಟಿರಲಿಲ್ಲ. ಡಬ್ಬಿ ಮುಚ್ಚುವ ಮೊದಲೇ ಕ್ಯಾಸೆಟ್ ಅದಲುಬದಲಾಗಿತ್ತು.

ಬೀಗದ ಚಿತ್ರವೂ ನನ್ನ ಅಂಟುಪಟ್ಟಿಯ ಹಾಗೆಯೇ. ಅದು ಕಾಯುವುದು ದಾರಿಯನ್ನು. ಸರ್ವರ್‌ನಿಂದ ನಿಮ್ಮ ಗಣಕಕ್ಕೆ ಮಾಹಿತಿ ಬರುವಾಗ ನಡುವೆ ಯಾರೂ ಕದ್ದು ಓದದಂತೆ, ತಿದ್ದದಂತೆ ನೋಡಿಕೊಳ್ಳುತ್ತದೆ. ಸರ್ವರ್‌ನಲ್ಲೇ ಸರಕು ಬದಲಾಗಿದ್ದರೆ, ಬದಲಾದ ಸರಕನ್ನೇ ಅಷ್ಟೇ ಭದ್ರವಾಗಿ ನಿಮಗೆ ತಲುಪಿಸುತ್ತದೆ. (ಅಂದಹಾಗೆ, ಕ್ರೋಮ್ ಬ್ರೌಸರ್ 2023ರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿತು. ಜನ ಅದಕ್ಕೆ ಇಲ್ಲದ ಅರ್ಥ ಕಟ್ಟುತ್ತಿದ್ದರು.)

ಸರ್ವರ್‌ನಲ್ಲಿ ಸರಕು ಬದಲಾಗುವುದು ಹೇಗೆ? ಇಂದಿನ ವೆಬ್‌ಪುಟ ಒಂದೇ ಮನೆಯ ಅಡುಗೆಯಲ್ಲ. ದಿನಾಂಕ ತೋರಿಸುವ, ನಕ್ಷೆ ಬಿಡಿಸುವ, ಪುಟವನ್ನು ಓದಿ ಹೇಳುವ ಜಾವಾಸ್ಕ್ರಿಪ್ಟ್ ಕಡತಗಳು ಬೇರೆ ಬೇರೆ ಸಂಸ್ಥೆಗಳ ಸರ್ವರ್‌ಗಳಿಂದ ಬಂದು ನಿಮ್ಮ ಬ್ರೌಸರ್‌ನಲ್ಲಿ ಸೇರುತ್ತವೆ. ಸೇರಿದ ಮೇಲೆ ಎಲ್ಲಕ್ಕೂ ಒಂದೇ ಅಧಿಕಾರ. ನೀವು ಬೆರಳಚ್ಚಿಸುವ ಪಾಸ್‌ವರ್ಡನ್ನೂ ಅವು ಓದಬಲ್ಲವು. 2018ರ ಫೆಬ್ರವರಿಯಲ್ಲಿ, ಪುಟಗಳನ್ನು ಗಟ್ಟಿಯಾಗಿ ಓದಿ ಹೇಳುವ 'ಬ್ರೌಸ್‌ಅಲೌಡ್' ಎಂಬ ಸೇವೆಯ ಕಡತಕ್ಕೆ ಯಾರೋ ಕೆಲವು ಸಾಲು ಸೇರಿಸಿಬಿಟ್ಟರು. ಅದನ್ನು ಬಳಸುತ್ತಿದ್ದ 4,000ಕ್ಕೂ ಹೆಚ್ಚು ಜಾಲತಾಣಗಳು, ಬ್ರಿಟನ್ನಿನ ಸರ್ಕಾರಿ ತಾಣಗಳೂ ಸೇರಿ, ತಮ್ಮ ಓದುಗರ ಗಣಕಗಳಲ್ಲಿ ಯಾರದೋ ಲಾಭಕ್ಕೆ ಕ್ರಿಪ್ಟೊ ನಾಣ್ಯ ಗಣಿಗಾರಿಕೆಗೆ ಇಳಿದವು. ಒಡೆದದ್ದು ಒಂದೇ ಮನೆ, ಕಳ್ಳ ಹೊಕ್ಕಿದ್ದು ಸಾವಿರಾರು ಮನೆಗೆ.

ಹಾಗಾದರೆ ಬೇಕಾದದ್ದು ಸರಕಿನದೇ ತಪಾಸಣೆ. ಭದ್ರಾವತಿಯವರಿಗೆ ಇದು ಹೊಸತಲ್ಲ. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲೇ ಉತ್ಪಾದನೆ ಆರಂಭಿಸಿತು. ಉಕ್ಕಿನ ವ್ಯವಹಾರದಲ್ಲಿ ಒಂದೇ ಬಾರಿ ಕರಗಿಸಿ ತೆಗೆದ ಸರಕಿಗೆಲ್ಲ ಒಂದು 'ಹೀಟ್ ನಂಬರ್' ಇರುತ್ತದೆ. ಆದರೆ ಆ ಸಂಖ್ಯೆಯನ್ನು ಯಾವ ಸರಳಿನ ಮೇಲೂ ಒತ್ತಬಹುದು. ಸರಳಿನ ಚೂರನ್ನು ಪ್ರಯೋಗಾಲಯಕ್ಕೆ ಒಯ್ದು ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು ಎಂದು ನೋಡಿ ಪ್ರಮಾಣಪತ್ರದೊಂದಿಗೆ ತಾಳೆ ಹಾಕಿದಾಗಲೇ ಗೊತ್ತಾಗುವುದು. ಮೊದಲನೆಯದು ಹೊರಗಿನ ಗುರುತು, ಎರಡನೆಯದು ಸರಕಿನ ಒಳಗಿನಿಂದಲೇ ಬಂದ ಲೆಕ್ಕ. ಕಡತದ ಹೆಸರು ಹೀಟ್ ನಂಬರಿನಂತೆ. ಒಳಗಿನಿಂದ ಬರುವ ಲೆಕ್ಕಕ್ಕೆ ಗಣಕಶಾಸ್ತ್ರದಲ್ಲಿ 'ಹ್ಯಾಶ್' ಎಂದು ಹೆಸರು.

ಇದನ್ನು ಕಾಗದದ ಮೇಲೆ ನೀವೇ ಮಾಡಿ ನೋಡಿ. ಶಿವಮೊಗ್ಗದ ಪಿನ್‌ಕೋಡ್ 577201. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಆರನೆಯದನ್ನು 6ರಿಂದ ಗುಣಿಸಿ ಕೂಡಿಸಿ. 5+14+21+8+0+6, ಒಟ್ಟು 54. ಭದ್ರಾವತಿಯ 577301ಕ್ಕೆ ಅದೇ ಲೆಕ್ಕ ಹಾಕಿದರೆ 58. ಒಂದು ಅಂಕಿ ಬದಲಾದದ್ದು ತಕ್ಷಣ ತಿಳಿಯಿತು. ಅವಸರದಲ್ಲಿ ಅಂಕಿಗಳು ಹಿಂದುಮುಂದಾಗಿ 757201 ಎಂದು ಬರೆದರೂ ಸಿಕ್ಕಿಬೀಳುತ್ತೀರಿ, ಏಕೆಂದರೆ ಅದು 52.

ಆದರೆ ಕಳ್ಳ ಅವಸರದವನಲ್ಲ, ಕುಳಿತು ಲೆಕ್ಕ ಹಾಕುವವನು. 767201 ಎಂಬ ಬೇರೆಯೇ ಸಂಖ್ಯೆಗೂ 54 ಬರುತ್ತದೆ, ಕೂಡಿ ನೋಡಿ. ನಮ್ಮ ಲೆಕ್ಕ ಕೈತಪ್ಪನ್ನು ಹಿಡಿಯುತ್ತದೆ, ಕೈಚಳಕವನ್ನು ಹಿಡಿಯುವುದಿಲ್ಲ. ಅದಕ್ಕಾಗಿಯೇ ಗಣಿತಜ್ಞರು ಬಹಳ ಕಠಿಣವಾದ ಹ್ಯಾಶ್‌ಗಳನ್ನು ರಚಿಸಿದ್ದಾರೆ. 'ಶಾ-256' ಎಂಬುದಕ್ಕೆ ಒಂದು ಸಾಲು ಕೊಡಿ, ಇಡೀ ಚಲನಚಿತ್ರವನ್ನೇ ಕೊಡಿ, ಉತ್ತರ 256 ಬಿಟ್‌ಗಳಷ್ಟೇ. ಒಂದು ಅಲ್ಪವಿರಾಮ ಬದಲಾದರೂ ಉತ್ತರ ಗುರುತು ಸಿಗದಷ್ಟು ಬದಲಾಗುತ್ತದೆ. ಅದೇ ಉತ್ತರ ಕೊಡುವ ಎರಡು ಬೇರೆ ಕಡತಗಳನ್ನು ಇದುವರೆಗೆ ಯಾರೂ ತೋರಿಸಿಲ್ಲ. ಹಳೆಯ 'ಶಾ-1'ಗೆ ಆ ಅದೃಷ್ಟ ಇರಲಿಲ್ಲ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದೇ ಹ್ಯಾಶ್ ಇರುವ ಎರಡು ಕಡತಗಳನ್ನು ಮಾಡಿ ತೋರಿಸಿದರು. ಲಿನಕ್ಸ್ ಗಣಕ ಸಿಕ್ಕರೆ 'ಶಾ256ಸಮ್' ಎಂಬ ಆಜ್ಞೆ ಕೊಟ್ಟು ನಿಮ್ಮದೇ ಕಡತದ ಹ್ಯಾಶ್ ತೆಗೆದು ನೋಡಿ. ನಮ್ಮ ಕಾನೂನಿಗೂ ಇದು ಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ, ವಿದ್ಯುನ್ಮಾನ ದಾಖಲೆಯ ಜೊತೆ ನ್ಯಾಯಾಲಯಕ್ಕೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು.

ವೆಬ್‌ಪುಟಕ್ಕೆ ಬರೋಣ. ಪುಟ ಬರೆಯುವವರು "ಇಂಥ ಕಡತ ತಾ, ಅದರ ಹ್ಯಾಶ್ ಇಂಥದ್ದು" ಎಂದು ಸ್ಕ್ರಿಪ್ಟಿನ ಸಾಲಿನಲ್ಲೇ ಬರೆದಿಟ್ಟರೆ, ಬ್ರೌಸರ್ ಕಡತವನ್ನು ತರಿಸಿ, ತಾನೇ ಲೆಕ್ಕ ಹಾಕಿ, ತಾಳೆಯಾಗದಿದ್ದರೆ ಓಡಿಸಲು ನಿರಾಕರಿಸುತ್ತದೆ. ಈ 'ಇಂಟೆಗ್ರಿಟಿ' ಸೌಲಭ್ಯ 2016ರಲ್ಲಿ ವಿಶ್ವ ವೆಬ್ ಒಕ್ಕೂಟದ ಅಧಿಕೃತ ಶಿಫಾರಸಾಯಿತು. ಬ್ರೌಸ್‌ಅಲೌಡ್ ಬಳಸಿದ ತಾಣಗಳು ಇದನ್ನು ಹಾಕಿಕೊಂಡಿದ್ದರೆ ಆ ಕಡತ ಬಾಗಿಲಲ್ಲೇ ನಿಲ್ಲುತ್ತಿತ್ತು.

ಅಲ್ಲಿಗೆ ಮುಗಿಯಿತೆ? ಇಲ್ಲ. ಅಷ್ಟರಲ್ಲಿ ಜಾವಾಸ್ಕ್ರಿಪ್ಟಿನ ರೀತಿಯೇ ಬದಲಾಗುತ್ತಿತ್ತು. 2015ರಲ್ಲಿ ಆ ಭಾಷೆಗೆ 'ಮಾಡ್ಯೂಲ್'ಗಳು ಬಂದವು. ಒಂದು ಕಡತ ತನಗೆ ಬೇಕಾದ ಇನ್ನೊಂದನ್ನು ತಾನೇ ಕರೆಯುತ್ತದೆ. ಕಾಲೇಜೊಂದರ ಫಲಿತಾಂಶದ ಪುಟ ಇದೆ ಎಂದುಕೊಳ್ಳಿ. ಪುಟ ಕರೆಯುವುದು 'ಫಲಿತಾಂಶ' ಎಂಬ ಮಾಡ್ಯೂಲನ್ನು ಮಾತ್ರ. ಅದು 'ಅಂಕಪಟ್ಟಿ'ಯನ್ನು ಕರೆಯುತ್ತದೆ, 'ಅಂಕಪಟ್ಟಿ' ಮತ್ತೆ 'ದಿನಾಂಕ'ವನ್ನು. ಪುಟದಲ್ಲಿ ಹ್ಯಾಶ್ ಬರೆದದ್ದು ಮೊದಲನೆಯದಕ್ಕೆ. ಹೆಬ್ಬಾಗಿಲಲ್ಲಿ ಕಾವಲುಗಾರ, ಹಿತ್ತಲಿನಲ್ಲಿ ಯಾರೂ ಇಲ್ಲ.

ಕರೆಯುವ ಸಾಲಿನಲ್ಲೇ ಕರೆಸಿಕೊಳ್ಳುವವರ ಹ್ಯಾಶ್ ಬರೆದರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು. ತೊಡಕು ಇಲ್ಲಿದೆ. 'ದಿನಾಂಕ'ದಲ್ಲಿ ಒಂದು ಅಕ್ಷರ ತಿದ್ದಿದರೆ ಅದರ ಹ್ಯಾಶ್ ಬದಲಾಗುತ್ತದೆ. ಅದನ್ನು ಹೊತ್ತ 'ಅಂಕಪಟ್ಟಿ'ಯ ಒಳಗನ್ನು ತಿದ್ದಬೇಕು, ಆಗ ಅದರ ಹ್ಯಾಶೂ ಬದಲು. ಹೀಗೆ ಮೇಲಿನ ತನಕ ಎಲ್ಲವೂ ಬದಲಾಗಿ, ಬ್ರೌಸರ್ ಉಳಿಸಿಟ್ಟುಕೊಂಡಿದ್ದ ಪ್ರತಿಗಳೆಲ್ಲ ವ್ಯರ್ಥ. ಇನ್ನು ಎರಡು ಮಾಡ್ಯೂಲ್‌ಗಳು ಪರಸ್ಪರ ಕರೆದುಕೊಂಡರೆ? ಭಾಷೆ ಅದಕ್ಕೆ ಒಪ್ಪುತ್ತದೆ. ಮೊದಲನೆಯದರ ಹ್ಯಾಶ್ ಗೊತ್ತಾಗದೆ ಎರಡನೆಯದನ್ನು ಬರೆಯಲಾಗದು, ಎರಡನೆಯದು ಗೊತ್ತಾಗದೆ ಮೊದಲನೆಯದನ್ನು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯೇ ಸರಿ.

ಪರಿಹಾರ ಸರಳವಾಗಿದೆ, ಸರಳ ಎಂಬುದೇ ಅದರ ಸೊಗಸು. ಹ್ಯಾಶ್‌ಗಳನ್ನು ಕಡತಗಳ ಒಳಗಿಡದೆ, ಪುಟದಲ್ಲೇ ಒಂದು ಪಟ್ಟಿ ಮಾಡುವುದು. ಮಾಡ್ಯೂಲಿನ ಯಾವ ಹೆಸರಿಗೆ ಯಾವ ವಿಳಾಸ ಎಂದು ಹೇಳುವ 'ಇಂಪೋರ್ಟ್ ಮ್ಯಾಪ್' ಎಂಬ ಪಟ್ಟಿ ಬ್ರೌಸರ್‌ಗಳಲ್ಲಿ ಆಗಲೇ ಇತ್ತು. ಅದಕ್ಕೇ ಹೊಸ ಕಲಮು ಸೇರಿಸಿದರು: ಈ ವಿಳಾಸದ ಕಡತಕ್ಕೆ ಈ ಹ್ಯಾಶ್. 2024ರ ಜುಲೈನಲ್ಲಿ ಕ್ರೋಮ್, ಅದೇ ಸೆಪ್ಟೆಂಬರಿನಲ್ಲಿ ಸಫಾರಿ, 2025ರ ಏಪ್ರಿಲಿನಲ್ಲಿ ಫೈರ್‌ಫಾಕ್ಸ್ ಇದನ್ನು ಅಳವಡಿಸಿಕೊಂಡವು.

ಬ್ರೌಸರ್‌ನ ಎಂಜಿನ್ ಒಳಗೆ ನಡೆಯುವುದು ಇಷ್ಟು. ಪುಟ ಓದುವಾಗ ಪಟ್ಟಿ ಸಿಕ್ಕರೆ ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಪುಟವೇ ಕರೆಯಲಿ, ಮಾಡ್ಯೂಲೊಂದು ಕರೆಯಲಿ, ಓಡುತ್ತಿರುವಾಗ ನಡುವೆ ಹೊಸದಾಗಿ ಕರೆಯಲಿ, ಕಡತ ತರಿಸುವ ಮೊದಲು ವಿಳಾಸವನ್ನು ಪಟ್ಟಿಯಲ್ಲಿ ಹುಡುಕುತ್ತದೆ. ಹ್ಯಾಶ್ ಇದ್ದರೆ ಕಡತ ಪೂರ್ತಿ ಬರುವ ತನಕ ಕಾದು ಲೆಕ್ಕ ಹಾಕುತ್ತದೆ, ಅರ್ಧ ಸರಕಿಗೆ ಹ್ಯಾಶ್ ಇಲ್ಲ. ತಾಳೆ ತಪ್ಪಿದರೆ ಕಡತ ಬರಲೇ ಇಲ್ಲವೆಂಬಂತೆ ನಡೆದುಕೊಳ್ಳುತ್ತದೆ. 'ದಿನಾಂಕ' ತಿರಸ್ಕೃತವಾದರೆ ಅದನ್ನು ನೆಚ್ಚಿದ 'ಅಂಕಪಟ್ಟಿ', 'ಫಲಿತಾಂಶ' ಎರಡೂ ಓಡುವುದಿಲ್ಲ. ಪುಟ ಕೆಡುತ್ತದೆ, ನಿಜ. ಪಾಸ್‌ವರ್ಡ್ ಹೋಗುವುದಕ್ಕಿಂತ ಪುಟ ಕೆಡುವುದು ಮೇಲೆಂಬುದು ಎಂಜಿನ್ ಬರೆದವರ ತೀರ್ಮಾನ. ನನ್ನ ಮತವೂ ಅದೇ. ನೀವೇ ಪುಟ ಬರೆಯುವವರಾದರೆ ಎಚ್ಚರ. ಸಾಲಿನ ಕೊನೆಯಲ್ಲಿ ನಿಮ್ಮ ಎಡಿಟರ್ ಕಾಣದ ಒಂದು ಚಿಹ್ನೆ ಸೇರಿಸಿದರೂ ತಾಳೆ ತಪ್ಪುತ್ತದೆ. ಪಟ್ಟಿಯ ಈ ಕಲಮನ್ನು ಅರಿಯದ ಹಳೆಯ ಬ್ರೌಸರ್ ಅದನ್ನು ಕಡೆಗಣಿಸುತ್ತದೆ, ಅಲ್ಲಿ ರಕ್ಷಣೆ ಇಲ್ಲ.

ಹ್ಯಾಶ್ ಹೇಳುವುದು ಕಡತ ಬದಲಾಗಿಲ್ಲ ಎಂದು ಮಾತ್ರ, ಒಳ್ಳೆಯದು ಎಂದಲ್ಲ. ದಿನದಿನವೂ ಬದಲಾಗಲೇಬೇಕಾದ ಕಡತಕ್ಕೂ ಇದು ಒದಗದು. 2024ರಲ್ಲಿ 'ಪಾಲಿಫಿಲ್' ಎಂಬ ಹೆಸರಾಂತ ಸೇವೆಯ ವಿಳಾಸ ಹೊಸ ಮಾಲೀಕರ ಕೈಸೇರಿತು. ಜೂನ್ ಹೊತ್ತಿಗೆ ಅಲ್ಲಿಂದ ಬರುತ್ತಿದ್ದ ಕಡತ ಮೊಬೈಲ್ ಬಳಕೆದಾರರನ್ನು ಜೂಜಿನ ತಾಣಗಳಿಗೆ ಅಟ್ಟುತ್ತಿದ್ದುದು ಬಯಲಾಯಿತು. ಅದನ್ನು ಬಳಸುತ್ತಿದ್ದ ತಾಣಗಳು 1,00,000ಕ್ಕೂ ಹೆಚ್ಚು. ಆ ಸೇವೆ ಒಂದೊಂದು ಬ್ರೌಸರ್‌ಗೆ ಒಂದೊಂದು ರೀತಿಯ ಕಡತ ಕೊಡುವಂಥದ್ದು, ಹಾಗಾಗಿ ಅದಕ್ಕೆ ಒಂದೇ ಹ್ಯಾಶ್ ಬರೆದಿಡುವ ಹಾಗೇ ಇರಲಿಲ್ಲ. ಅಂಥ ಕಡತದ ಒಂದು ಪ್ರತಿಯನ್ನು ತಂದು ತಮ್ಮದೇ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದೇ ಉಳಿದ ದಾರಿ.

ಇನ್ನು ವಿದ್ಯಾರ್ಥಿನಿಯ ಬೀಗಕ್ಕೆ ಬೆಲೆಯೇ ಇಲ್ಲವೆ? ಇದೆ. ಹ್ಯಾಶ್‌ಗಳ ಪಟ್ಟಿ ಇರುವುದು ಪುಟದಲ್ಲಿ. ದಾರಿಯಲ್ಲಿ ಪುಟವನ್ನೇ ತಿದ್ದಬಲ್ಲವನು ಪಟ್ಟಿಯನ್ನೂ ತಿದ್ದಿ, ತನ್ನ ಕಡತದ ಹ್ಯಾಶನ್ನು ಬರೆದುಬಿಡುತ್ತಾನೆ. ಆ ಪಟ್ಟಿ ನಿಮ್ಮ ಗಣಕಕ್ಕೆ ಬರುವ ದಾರಿಯನ್ನು ಕಾಯುವುದು ಅದೇ ಬೀಗ.