ಬಿದಿರು ಕೊಟ್ಟವರು, ಕಬ್ಬು ಕಡಿಯುವವರು

1975ರ ಸುಮಾರಿಗೆ ಕರ್ನಾಟಕದ ಮೇದರರು, ಬುಟ್ಟಿ ಮೊರ ತಟ್ಟಿಗಳನ್ನು ಹೆಣೆದು ಬದುಕತಕ್ಕ ಆ ಕುಶಲಜನರು, ಸರಕಾರದ ಮುಂದೆ ಒಂದು ದೂರನ್ನಿಟ್ಟರು. ತಮ್ಮ ತಲೆಮಾರುಗಳ ಕಸುಬಿಗೆ ಆಧಾರವಾಗಿದ್ದ ಬಿದಿರನ್ನು ಕಾಗದದ ಕಾರಖಾನೆಗಳು ಕಾಡಿನಿಂದ ಬರಿದುಮಾಡುತ್ತಿರುವುವೆಂಬುದೇ ಅದರ ಸಾರ. ಅಂದಿನ ಅರ್ಥಸಚಿವರಾಗಿದ್ದ ಎಂ. ವೈ. ಘೋರ್ಪಡೆಯವರು ವನ್ಯಜೀವಿಗಳಲ್ಲಿ ವಿಶೇಷ ಆಸಕ್ತಿಯುಳ್ಳವರಾದುದರಿಂದ, ಆ ದೂರನ್ನು ಕಡತಗಳ ನಡುವೆ ಮಲಗಗೊಡದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತರುಣ ಪರಿಸರಶಾಸ್ತ್ರಜ್ಞ ಮಾಧವ ಗಾಡಗೀಳರಿಗೆ ಅದರ ಸತ್ಯಾಸತ್ಯಗಳ ಪರಿಶೀಲನೆಯನ್ನು ವಹಿಸಿದರು. ಗಾಡಗೀಳರೂ ಅವರ ಸಹೋದ್ಯೋಗಿಗಳೂ ಉತ್ತರ ಕನ್ನಡದ ಅರಣ್ಯಗಳಲ್ಲಿ ತಿರುಗಿ ಮೆಳೆಮೆಳೆಯನ್ನೂ ಪರೀಕ್ಷಿಸಿದ ಆ ಅಧ್ಯಯನವು, ಒಂದು ಉದ್ಯಮವು ತನಗೆ ಸರಕನ್ನೊದಗಿಸುವ ಮೂಲದೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ದೊರೆತ ಅತ್ಯಂತ ಮಹತ್ತ್ವದ ಸಾಕ್ಷ್ಯಗಳಲ್ಲೊಂದು ಎಂಬುದು ನನ್ನ ದೃಢವಾದ ನಂಬಿಕೆ.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸಂಸ್ಥೆಯು ಸ್ಥಾಪಿತವಾದುದು 1955ರಲ್ಲಿ; ಆಗ ಈ ಜಿಲ್ಲೆಯಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಕಾಳಿ ನದಿಯ ನೀರು, ಸುತ್ತಲಿನ ಬಿದಿರುಗಾಡು, ಸಾಗಣೆಗೆ ಅನುಕೂಲವಾದ ಮಾರ್ಗ, ಇವೆಲ್ಲ ಒಂದೆಡೆ ಕೂಡಿದ ಸ್ಥಳವಾದ್ದರಿಂದ ಕಾರಖಾನೆಯು ಅಲ್ಲಿಯೇ ನೆಲೆಗೊಂಡು, ಆ ದಶಕ ಮುಗಿಯುವ ಮುನ್ನವೇ ಕಾಗದವನ್ನು ಹೊರತರತೊಡಗಿತು. ಉದ್ಯೋಗವಿಲ್ಲದ ಮಲೆನಾಡಿನ ಅಂಚಿನಲ್ಲಿ ಸಹಸ್ರಾರು ಕುಟುಂಬಗಳಿಗೆ ಅದು ಅನ್ನವನ್ನಿತ್ತಿತೆಂಬುದನ್ನು ಯಾರೂ ಅಲ್ಲಗಳೆಯಲಾಗದು. ದಾಂಡೇಲಿಯೆಂಬ ಪಟ್ಟಣವು ಬೆಳೆದುದೇ ಅಂತಹ ಉದ್ಯಮಗಳ ಆಶ್ರಯದಲ್ಲಿ. ಆದರೆ ಅದರ ಕಚ್ಚಾ ಸಾಮಗ್ರಿಯ ಲೆಕ್ಕಾಚಾರದಲ್ಲಿಯೇ ದೋಷವೊಂದು ಅಡಗಿತ್ತು. ಕಾಡು ಸವೆಯದಂತೆ ವರ್ಷಂಪ್ರತಿ ಎಷ್ಟು ಬಿದಿರನ್ನು ತೆಗೆಯಬಹುದೆಂದು ಆರಂಭದಲ್ಲಿ ಮಾಡಿದ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿದ್ದಿತು. ಇದರೊಂದಿಗೆ, ಪೇಟೆಯಲ್ಲಿ ಮೇದರನು ತೆರುತ್ತಿದ್ದ ಬೆಲೆಯ ಅತ್ಯಲ್ಪಾಂಶಕ್ಕೆ, ಹೆಸರಿಗೆ ಮಾತ್ರ ಬೆಲೆಯೆನಿಸುವಂತಹ ದರಕ್ಕೆ, ಸರಕಾರವು ಅದೇ ಬಿದಿರನ್ನು ಉದ್ಯಮಕ್ಕೆ ಒಪ್ಪಿಸುತ್ತಿತ್ತು. ಅಗ್ಗವಾಗಿ ದೊರೆತ ವಸ್ತುವನ್ನು ಜೋಪಾನಮಾಡುವ ಕಾರಣ ಯಾರಿಗೂ ಉಳಿಯಲಿಲ್ಲ. ಸಮೀಪದ ಕಾಡು ತೆಳುವಾದಂತೆ ಬಿದಿರಿಗಾಗಿ ದೂರ ದೂರದ ಪ್ರದೇಶಗಳನ್ನು ಅರಸುವುದೇ ಮಾರ್ಗವಾಯಿತು.

ಆ ಅಧ್ಯಯನದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ದಟ್ಟವಾದ ಮುಳ್ಳಿನ ಹೊದಿಕೆಯೊಂದು ಸಹಜವಾಗಿ ಬೆಳೆದಿರುವುದು. ಕಡಿಯುವ ಆಳುಗಳಿಗೆ ಅದು ಅಡ್ಡಿ. ಮೇಲಾಗಿ ಅದನ್ನು ಸವರಿ ಬುಡವನ್ನು ಚೊಕ್ಕಟಮಾಡಿದರೆ ಮೆಳೆಯು ಹುಲುಸಾಗಿ ಬೆಳೆಯುವುದೆಂಬ ಭಾವನೆ ಅರಣ್ಯಾಧಿಕಾರಿಗಳಲ್ಲಿಯೂ ಕಾರಖಾನೆಯವರಲ್ಲಿಯೂ ಬೇರೂರಿತ್ತು. ಊರಿನ ಜನರಾದರೋ ಇದು ತಪ್ಪೆಂದು ಹೇಳುತ್ತಿದ್ದರು: ಮಳೆಗಾಲದಲ್ಲಿ ನೆಲವನ್ನೊಡೆದು ಮೇಲೇಳುವ ಎಳೆಯ ಕಳಲೆಯನ್ನು ದನ, ಹಂದಿ, ಮುಳ್ಳುಹಂದಿ, ಮುಸುವಗಳ ಬಾಯಿಯಿಂದ ಕಾಯುವುದೇ ಆ ಮುಳ್ಳು. ಪರೀಕ್ಷಿಸಿ ನೋಡಲಾಗಿ ಊರವರ ಮಾತೇ ನಿಜವಾಯಿತು. ಮುಳ್ಳು ಸವರಿದ ಮೆಳೆಗಳಲ್ಲಿ ಕಳಲೆಗಳು ಉಳಿಯದೆ, ಮೆಳೆಯು ಮೇಲಿನಿಂದ ಕಡಿಸಿಕೊಳ್ಳುತ್ತ ಕೆಳಗಿನಿಂದ ತಿನ್ನಿಸಿಕೊಳ್ಳುತ್ತ ಕ್ಷಯಿಸುತ್ತಿತ್ತು. ಅರಣ್ಯವನ್ನು ಗುತ್ತಿಗೆಗೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಅಗತ್ಯವಾಗಿದ್ದ ಜ್ಞಾನವು, ಅವರು ಎಂದೂ ಪ್ರಶ್ನಿಸದ ಜನರಲ್ಲಿ ಇದ್ದಿತು.

ಇಂದು ಉದ್ಯಮಲೋಕದಲ್ಲಿ, ಮೂಲದ ಬಗೆಗಿನ ಇಂತಹ ಹೊಣೆಯನ್ನು ಬರಹಕ್ಕಿಳಿಸುವ, ಪೂರೈಕೆದಾರರ ನಡವಳಿಕೆಯ ಸಂಹಿತೆ ಎಂಬುದೊಂದು ರೂಢಿಗೆ ಬಂದಿದೆ. ದೊಡ್ಡ ಸಂಸ್ಥೆಯೊಂದು ತನಗೆ ಮರ, ರಸಾಯನ, ಯಂತ್ರಭಾಗ, ಸಾಗಣೆ, ಕೂಲಿಯಾಳುಗಳನ್ನು ಒದಗಿಸುವ ಪ್ರತಿಯೊಬ್ಬನಿಂದಲೂ ಕೆಲವು ಪ್ರತಿಜ್ಞೆಗಳನ್ನು ಬರೆಯಿಸಿಕೊಳ್ಳುತ್ತದೆ. ಮಕ್ಕಳನ್ನು ದುಡಿಸಬಾರದು, ಮುಂಗಡದ ಸಾಲಕ್ಕೆ ಸಿಕ್ಕಿಸಿ ಆಳನ್ನು ಜೀತಕ್ಕಿರಿಸಬಾರದು, ಕನಿಷ್ಠ ವೇತನವನ್ನು ಕೊಡಬೇಕು, ಅಪಾಯದ ಕೆಲಸಕ್ಕೆ ರಕ್ಷಣೆಯಿರಬೇಕು, ಲಂಚವನ್ನು ಕೊಡಲೂಬಾರದು, ಕೊಳ್ಳಲೂಬಾರದು, ನೀರನ್ನೂ ನೆಲವನ್ನೂ ಕೆಡಿಸಬಾರದು. ಇವುಗಳಲ್ಲಿ ಹೆಚ್ಚಿನವು ನಮ್ಮ ದೇಶದಲ್ಲಿ ಹಿಂದಿನಿಂದಲೂ ಶಾಸನಗಳೇ. ಜೀತಪದ್ಧತಿಯ ನಿರ್ಮೂಲನ ಕಾಯಿದೆಯು 1976ರಷ್ಟು ಹಳೆಯದು. ಹೊಸತೆಂದರೆ, ತನ್ನ ಗೇಟಿನೊಳಗೆ ನಡೆಯುವುದಕ್ಕೆ ಮಾತ್ರವೇ ತಾನು ಹೊಣೆಯೆಂದು ಹೇಳಿ, ಸರಕನ್ನು ಕೊಳ್ಳುವವನು ಕೈತೊಳೆದುಕೊಳ್ಳುವಂತಿಲ್ಲವೆಂಬ ತತ್ತ್ವ. ಸಂಯುಕ್ತ ರಾಷ್ಟ್ರಸಂಘವು 2011ರಲ್ಲಿ ಅಂಗೀಕರಿಸಿದ ಉದ್ಯಮ ಹಾಗೂ ಮಾನವಹಕ್ಕುಗಳ ಮಾರ್ಗದರ್ಶಿ ಸೂತ್ರಗಳು ಇದನ್ನು ಸ್ಪಷ್ಟಪಡಿಸಿದವು. 2019ರಲ್ಲಿ ಭಾರತ ಸರಕಾರವು ಪ್ರಕಟಿಸಿದ ಜವಾಬ್ದಾರಿಯುತ ಉದ್ಯಮ ನಡವಳಿಕೆಯ ಒಂಬತ್ತು ತತ್ತ್ವಗಳಲ್ಲಿಯೂ ತನ್ನ ನೌಕರರೊಂದಿಗೆ ಪೂರೈಕೆಯ ಸರಪಳಿಯಲ್ಲಿ ದುಡಿಯುವವರ ಕ್ಷೇಮವೂ ಉದ್ಯಮದ ಕರ್ತವ್ಯವೆಂದು ಹೇಳಿದೆ.

ಕಾಗದದ ವಿಷಯದಲ್ಲಿ ಇಂತಹ ಪರಿವರ್ತನೆಗೆ ದಾರಿಮಾಡಿದುದು 1988ರ ರಾಷ್ಟ್ರೀಯ ಅರಣ್ಯನೀತಿ. ಅರಣ್ಯೋತ್ಪನ್ನಗಳನ್ನು ರಿಯಾಯಿತಿ ದರದಲ್ಲಿ ಉದ್ಯಮಗಳಿಗೆ ಒದಗಿಸುವ ಪದ್ಧತಿಯು ನಿಲ್ಲಬೇಕು, ತಮಗೆ ಬೇಕಾದ ಮರವನ್ನು ಕಾರಖಾನೆಗಳು ರೈತರೊಡನೆ ನೇರವಾದ ಸಂಬಂಧವನ್ನು ಬೆಳೆಸಿ, ಅವರಿಗೆ ಸಾಲ, ತಾಂತ್ರಿಕ ಸಲಹೆ, ಕಟಾವು ಸಾಗಣೆಗಳ ನೆರವನ್ನಿತ್ತು ಪಡೆಯಬೇಕು ಎಂದು ಅದು ವಿಧಿಸಿತು. ಅಂದಿನಿಂದೀಚೆಗೆ ಸುಬಾಬುಲ್, ಗಾಳಿಮರ, ನೀಲಗಿರಿಗಳ ಸಸಿಗಳು ರೈತರ ಹೊಲಗಳಿಗೆ ಹೆಚ್ಚಾಗಿ ಬಂದವು. ಕಾಡಿನ ಸ್ಥಾನದಲ್ಲಿ ರೈತನು ಪೂರೈಕೆದಾರನಾದನು. ಇದು ನಿಸ್ಸಂದೇಹವಾಗಿ ಮೇಲಾದ ವ್ಯವಸ್ಥೆ. ಆದರೂ ನೀಲಗಿರಿಯು ಅಂತರ್ಜಲವನ್ನು ಹೀರುವುದೆಂಬ ಆಕ್ಷೇಪಣೆಯಿಂದ 2017ರಲ್ಲಿ ಕರ್ನಾಟಕ ಸರಕಾರವು ಅದರ ಹೊಸ ನೆಡುವಿಕೆಯನ್ನು ನಿಷೇಧಿಸಿದುದನ್ನು ನೋಡಿದರೆ, ಮೂಲವನ್ನು ಕಾಡಿನಿಂದ ಹೊಲಕ್ಕೆ ಬದಲಾಯಿಸಿದ ಮಾತ್ರಕ್ಕೆ ವಿಚಾರವು ಮುಗಿಯದೆಂಬುದು ತಿಳಿಯುವುದು. ಕಾಗದದ ಮೇಲೆ ಮರದ ಚಿಕ್ಕ ಗುರುತನ್ನೊತ್ತುವ ಫಾರೆಸ್ಟ್ ಸ್ಟುವರ್ಡ್‌ಶಿಪ್ ಕೌನ್ಸಿಲ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು 1993ರಲ್ಲಿ ಹುಟ್ಟಿತು. ಅದರ ನಿಯಮಗಳಲ್ಲಿ ಕಳ್ಳಕಡಿತದ ಮರ, ನಾಡಜನರ ಸಾಂಪ್ರದಾಯಿಕ ಹಕ್ಕುಗಳನ್ನು ತುಳಿದು ತಂದ ಮರ, ಸಹಜಾರಣ್ಯವನ್ನು ಕಡಿದು ನೆಡುತೋಪನ್ನಾಗಿಸಿದಲ್ಲಿನ ಮರ, ಇವೆಲ್ಲ ವರ್ಜ್ಯ. ಜೋಯಿಡಾದ ಕಾಡಿನ ಕುಣಬಿಗಳನ್ನೂ ಹಳಿಯಾಳ ಮುಂಡಗೋಡುಗಳ ಸಿದ್ದಿಗಳನ್ನೂ ಗೌಳಿಗಳನ್ನೂ ಬಲ್ಲವನಿಗೆ ಈ ಎರಡನೆಯ ನಿಷೇಧದ ತೂಕವು ಬೇಗ ಅರ್ಥವಾದೀತು. 2006ರ ಅರಣ್ಯಹಕ್ಕು ಕಾಯಿದೆಯು ಬಿದಿರನ್ನು ಕಿರು ಅರಣ್ಯೋತ್ಪನ್ನವೆಂದು ಗಣಿಸಿ, ಅದನ್ನು ಸಂಗ್ರಹಿಸುವ ಹಕ್ಕು ಅರಣ್ಯವಾಸಿಗಳಿಗೆ ಸೇರಿದ್ದೆಂದು ಒಪ್ಪಿಕೊಂಡಿತು. ಮೇದರರು ದೂರಿತ್ತ ಮೂವತ್ತು ವರ್ಷಗಳ ಅನಂತರ!

ಇನ್ನು ಅದೇ ಜಿಲ್ಲೆಯ ಹಳಿಯಾಳದ ಸಕ್ಕರೆಯ ವಿಚಾರ. ದಾಂಡೇಲಿಯ ಬಿದಿರಿನ ಕಥೆಯು ಚರಿತ್ರೆಗೆ ಸೇರಿತೆನ್ನಬಹುದು. ಕಬ್ಬಿನದು ಪ್ರತಿವರ್ಷದ ಹಂಗಾಮಿನಲ್ಲಿಯೂ ಹೊಸದಾಗಿ ನಡೆಯುವಂತಹುದು. ಹಳಿಯಾಳದಲ್ಲಿ ಈಗ ಇ.ಐ.ಡಿ. ಪ್ಯಾರಿ ಸಂಸ್ಥೆಯ ಸಕ್ಕರೆ ಕಾರಖಾನೆಯಿದ್ದು, ಸುತ್ತಲಿನ ಸಾವಿರಾರು ರೈತರು ಅದಕ್ಕೆ ಕಬ್ಬನ್ನು ಸಾಗಿಸುತ್ತಾರೆ. ಇಲ್ಲಿ ಪೂರೈಕೆದಾರನೆಂದರೆ ಎರಡು ಮೂರು ಎಕರೆಯ ಒಡೆಯ, ಕೊಳ್ಳುವವನಾದರೋ ಒಬ್ಬನೇ. ಕಡಿದ ಕಬ್ಬು ದಿನಗಳೆದಂತೆ ಒಣಗಿ ತೂಕವನ್ನು ಕಳೆದುಕೊಳ್ಳುವುದರಿಂದ ರೈತನಿಗೆ ಕಾಯುವ ಶಕ್ತಿಯೂ ಇಲ್ಲ. ಇಂತಹ ವಿಷಮ ಸಂಬಂಧದಲ್ಲಿ ಪೂರೈಕೆದಾರನಿಗೆ ನೀತಿಯನ್ನು ಬೋಧಿಸುವುದಕ್ಕಿಂತ ಮುಂಚೆ ಕೊಳ್ಳುವವನು ತನ್ನ ನೀತಿಯನ್ನು ಸಿದ್ಧಪಡಿಸಿಕೊಳ್ಳಬೇಕು. 1966ರ ಕಬ್ಬು ನಿಯಂತ್ರಣ ಆಜ್ಞೆಯು ಹೇಳುವುದೂ ಅದನ್ನೇ: ಕಬ್ಬು ತಲುಪಿದ 14 ದಿನಗಳೊಳಗೆ ಹಣವನ್ನು ಸಲ್ಲಿಸಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿಯನ್ನು ಕೂಡಿಸಬೇಕು. 2025-26ರ ಹಂಗಾಮಿಗೆ ಕೇಂದ್ರವು ನಿಗದಿಪಡಿಸಿದ ನ್ಯಾಯೋಚಿತ ಬೆಲೆ, ಶೇಕಡಾ 10.25ರ ಸಕ್ಕರೆಯ ಇಳುವರಿಗೆ, ಕ್ವಿಂಟಾಲಿಗೆ 355 ರೂಪಾಯಿ. ಇಳುವರಿಯನ್ನು ಅಳೆಯುವವರು ಯಾರು, ತೂಕದ ಕಾಟಾ ಯಾರದು, ಕಟಾವು ಸಾಗಣೆಯ ವೆಚ್ಚವೆಂದು ಎಷ್ಟು ಕಳೆಯಲಾಯಿತು, ಈ ಮೂರು ಪ್ರಶ್ನೆಗಳೂ ಉತ್ತರ ಕರ್ನಾಟಕದ ರೈತರ ಚಳವಳಿಗಳಲ್ಲಿ ಎದ್ದಿರುವುವು. ಉದ್ಯಮವು ತನ್ನ ಇಳುವರಿಯ ಪರೀಕ್ಷೆಯನ್ನು ರೈತನ ಕಣ್ಣೆದುರಿಗೆ ನಡೆಸಿದರೆ, ಅದರ ಸಂಹಿತೆಯ ಹತ್ತು ಪುಟಗಳಿಗಿಂತ ಹೆಚ್ಚಿನ ವಿಶ್ವಾಸವು ಹುಟ್ಟುವುದು.

ಆದರೆ ರೈತನೇ ಕಡೆಯವನಲ್ಲ. ಅವನ ಹೊಲದಲ್ಲಿ ಕಬ್ಬನ್ನು ಕಡಿಯುವವರು ಇನ್ನೂ ಆಚೆಗಿದ್ದಾರೆ. ಉತ್ತರ ಕರ್ನಾಟಕ ಮತ್ತು ಮಹಾರಾಷ್ಟ್ರಗಳ ಕಬ್ಬಿನ ಸೀಮೆಯಲ್ಲೆಲ್ಲ ಬರಪೀಡಿತ ಊರುಗಳಿಂದ ಗಂಡಹೆಂಡಿರು ಜೋಡಿಯಾಗಿ, ಮುಕಾದಮನೆಂಬ ಆಳುಗಳ ಗುತ್ತಿಗೆದಾರನಿಂದ ಮುಂಗಡವನ್ನು ಪಡೆದು, ಹಂಗಾಮು ಮುಗಿಯುವವರೆಗೆ ಹೊಲದಂಚಿನ ಬಿಡಾರಗಳಲ್ಲಿ ಕಾಲಕಳೆಯುತ್ತಾರೆ. ಅವರೊಡನೆ ಬಂದ ಮಕ್ಕಳ ಶಾಲೆಯು ಅಷ್ಟು ತಿಂಗಳು ತಪ್ಪುವುದು. ಮುಂಗಡವು ತೀರದಿದ್ದರೆ ಮುಂದಿನ ವರ್ಷವೂ ಅದೇ ಮುಕಾದಮನ ಹಿಂದೆ ನಡೆಯಬೇಕು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಟಾವಿನ ಹೆಂಗಸರು, ಕೆಲಸ ತಪ್ಪಿದ ದಿನಕ್ಕೆ ದಂಡ ತೆರಬೇಕಾಗುವ ಭಯದಿಂದ, ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶವನ್ನು ತೆಗೆಸಿಕೊಳ್ಳುತ್ತಿರುವರೆಂಬ ಸುದ್ದಿಯು 2019ರಲ್ಲಿ ಬೆಳಕಿಗೆ ಬಂದು, ಆ ರಾಜ್ಯದ ಸರಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. 2024ರಲ್ಲಿ ಅಮೆರಿಕದ ಪತ್ರಿಕೆಗಳು ಅದನ್ನು ಮತ್ತೆ ಶೋಧಿಸಿ ಬರೆದು, ಅಲ್ಲಿನ ಸಕ್ಕರೆಯನ್ನು ಕೊಳ್ಳುವ ಜಗತ್ಪ್ರಸಿದ್ಧ ಪಾನೀಯ ಸಂಸ್ಥೆಗಳನ್ನು ಪ್ರಶ್ನಿಸಿದವು. ಆ ಸಂಸ್ಥೆಗಳ ಬಳಿ ಪೂರೈಕೆದಾರರ ಸಂಹಿತೆಗಳಿರಲಿಲ್ಲವೆಂದಲ್ಲ; ಇದ್ದವು. ಕಡತವು ಕಾರಖಾನೆಯವರೆಗೆ ಬಂದು ನಿಂತಿತ್ತು, ಬಿಡಾರದವರೆಗೆ ನಡೆಯಲಿಲ್ಲ.

ನಮ್ಮ ಶಾಸನಗಳ ನಡಿಗೆಯೂ ಈ ಬಗೆಯದೇ. ಷೇರುಪೇಟೆಯ ನಿಯಂತ್ರಕವಾದ ಸೆಬಿಯು ಮೊದಲ ಸಾವಿರ ಕಂಪನಿಗಳು ತಮ್ಮ ಸಾಮಾಜಿಕ, ಪಾರಿಸರಿಕ ನಡವಳಿಕೆಯ ವರದಿಯನ್ನು 2022-23ರಿಂದ ಕಡ್ಡಾಯವಾಗಿ ಕೊಡತಕ್ಕದ್ದೆಂದು ವಿಧಿಸಿತು. ಮೊದಲ 250 ಕಂಪನಿಗಳು ತಮ್ಮ ಪೂರೈಕೆದಾರರ ವಿವರವನ್ನೂ ಕೊಡಬೇಕೆಂಬ ನಿಯಮವು 2023ರಲ್ಲಿ ಬಂದಿತಾದರೂ, ಅನಂತರ ಅದನ್ನು ಮುಂದೂಡಿ ಸ್ವಯಂಪ್ರೇರಿತವೆನಿಸಲಾಯಿತು. ಅದರಲ್ಲಿಯೂ ಗಣನೆಗೆ ಬರುವ ಪೂರೈಕೆದಾರನು ಕಂಪನಿಯ ಒಟ್ಟು ಖರೀದಿಯಲ್ಲಿ ಶೇಕಡಾ 2 ಅಥವಾ ಅದಕ್ಕೂ ಮಿಕ್ಕ ಪಾಲುಳ್ಳವನು. ಎರಡೆಕರೆಯ ರೈತನಾಗಲಿ, ಮರ ಕಡಿಯುವ ತಂಡವಾಗಲಿ, ಕಬ್ಬಿನ ಜೋಡಿಯಾಗಲಿ ಎಂದಿಗೂ ಆ ಶೇಕಡಾ ಎರಡನ್ನು ಮುಟ್ಟಲಾರರು. ಅನ್ಯಾಯವು ಹೆಚ್ಚಾಗಿ ವಾಸಿಸುವುದು ಲೆಕ್ಕಕ್ಕೆ ಬಾರದಷ್ಟು ಚಿಕ್ಕವರ ನಡುವೆಯೇ ಆದಕಾರಣ, ಗಾತ್ರವನ್ನು ನೋಡಿ ಪರಿಶೀಲಿಸುವ ಕ್ರಮವನ್ನು ಬಿಟ್ಟು, ಅಪಾಯವನ್ನು ನೋಡಿ ಪರಿಶೀಲಿಸುವ ಕ್ರಮವು ಬರಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುವೆನು.

ಇದಕ್ಕೆ ಪ್ರತಿಯಾಗಿ ಸಣ್ಣ ಉದ್ಯಮಿಗಳು ಹೇಳುವ ಮಾತನ್ನೂ ಆಲಿಸಬೇಕು. ದಾಂಡೇಲಿಯ ಲಾರಿಯ ಮಾಲಿಕ, ಚಿಕ್ಕ ವರ್ಕ್‌ಶಾಪಿನವನು, ಮುಂಡಗೋಡಿನ ಮರದ ಗುತ್ತಿಗೆದಾರ, ಇವರ ಮುಂದೆ ಇಂಗ್ಲಿಷಿನ ಪ್ರಶ್ನಾವಳಿಯನ್ನಿಟ್ಟು ರುಜು ಹಾಕಿಸಿಕೊಂಡು, ಅದೇ ವೇಳೆಗೆ ದರವನ್ನು ಇಳಿಸೆಂದು ಒತ್ತಾಯಿಸಿ, ಬಿಲ್ಲಿನ ಹಣವನ್ನು ತಿಂಗಳುಗಟ್ಟಲೆ ತಡೆದರೆ, ಆತನು ಕೂಲಿಯವನಿಗೆ ಕನಿಷ್ಠ ವೇತನವನ್ನು ಎಲ್ಲಿಂದ ತಂದಾನು? ಕಿರು ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಲ್ಲಬೇಕೆಂಬ ವಿಧಿಯು ಅಂತಹ ಉದ್ಯಮಗಳಿಗಾಗಿಯೇ ಬಂದ 2006ರ ಕಾಯಿದೆಯಲ್ಲಿದೆ. ಮೀರಿದರೆ ಆ ವೆಚ್ಚವನ್ನು ಹಣ ಸಲ್ಲಿಸಿದ ವರ್ಷದ ಆದಾಯದಿಂದ ಮಾತ್ರ ಕಳೆಯಬಹುದೆಂದು ಆದಾಯತೆರಿಗೆಯ ಕಾನೂನೂ ಈಗ ಬಿಗಿಯಾಗಿದೆ. ಬೆಲೆಯಲ್ಲಿ ನ್ಯಾಯವಿಲ್ಲದೆ ನಡತೆಯಲ್ಲಿ ನ್ಯಾಯವನ್ನು ಕೇಳುವ ಸಂಹಿತೆಯು, ಮೇಲಿನವನ ಹೊಣೆಯನ್ನು ಕೆಳಗಿನವನ ತಲೆಯ ಮೇಲೆ ಹೊರಿಸುವ ಸಾಧನವಾಗಿಬಿಡುವುದು.

ಕೊನೆಯದಾಗಿ, ದೋಷವು ಕಂಡುಬಂದಾಗ ಏನು ಮಾಡತಕ್ಕದ್ದು? ಪೂರೈಕೆದಾರನನ್ನು ಒಡನೆಯೇ ಪಟ್ಟಿಯಿಂದ ತೆಗೆದುಹಾಕುವುದು ಸುಲಭ. ಕಂಪನಿಯ ಹೆಸರು ಉಳಿಯುತ್ತದೆ, ಆದರೆ ಆ ತಂಡದ ಕೂಲಿಯವರು ಮುಂಗಡದ ಸಾಲದೊಂದಿಗೆ ಬೀದಿಗೆ ಬೀಳುತ್ತಾರೆ. ಸಂಯುಕ್ತ ರಾಷ್ಟ್ರಸಂಘದ ಸೂತ್ರಗಳು ಬೇರೆ ದಾರಿಯನ್ನು ತೋರಿವೆ: ಕೊಳ್ಳುವವನು ಮೊದಲು ತನ್ನ ಪ್ರಭಾವವನ್ನು ಬಳಸಿ ದೋಷವನ್ನು ತಿದ್ದಿಸಬೇಕು, ಹಾನಿಯಲ್ಲಿ ತನ್ನ ಪಾಲಿದ್ದರೆ ಪರಿಹಾರದಲ್ಲಿಯೂ ಪಾಲ್ಗೊಳ್ಳಬೇಕು, ತಿದ್ದಲಾಗದಾಗ ಮಾತ್ರ, ಬಿಡುವುದರಿಂದ ಯಾರಿಗೆ ಕೇಡೆಂಬುದನ್ನು ತೂಗಿ ನೋಡಿ, ಸಂಬಂಧವನ್ನು ಕಡಿದುಕೊಳ್ಳಬೇಕು. ಹಳಿಯಾಳದ ಮುಂದಿನ ಹಂಗಾಮಿಗೆ ಇದನ್ನು ಅನ್ವಯಿಸಿದರೆ ಮಾಡಬೇಕಾದ ಕೆಲಸವು ಸ್ಪಷ್ಟವಾಗಿದೆ. ಮುಂಗಡದ ಲೆಕ್ಕವು ಮುಕಾದಮನ ಕಿಸೆಯಲ್ಲಿರದೆ, ಕಡಿಯುವವರ ಕೈಯಲ್ಲಿಯೂ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಇರಬೇಕು. ಬಿಡಾರದಲ್ಲಿ ನೀರು, ಶೌಚಾಲಯ, ಮಕ್ಕಳಿಗೆ ಹಂಗಾಮಿನ ಶಾಲೆ ಇರಬೇಕು. ಪರಿಶೀಲಿಸಲು ಬಂದವನು ಕಾರಖಾನೆಯ ಕಚೇರಿಯಲ್ಲಿ ಕುಳಿತು ಹಿಂದಿರುಗದೆ, ಮುಕಾದಮನಿಲ್ಲದ ಹೊತ್ತಿನಲ್ಲಿ ಆ ಹೆಂಗಸರೊಡನೆ ಕುಳಿತು ಮಾತನಾಡಬೇಕು. ಅವರು ಹೇಳಿದುದನ್ನು, ವರದಿ ಅಚ್ಚಾಗುವ ಮುಂಚೆ, ಅವರಿಗೇ ಓದಿ ಹೇಳಬೇಕು.