ಚಿನ್ನಿಯ ಟಬ್‌ಗೆ ನಾನು ಫಿನಾಯಿಲ್ ಹಾಕಿದ ದಿನ

ಕೆಜಿಎಫ್‌ನವನು ಅಂತ ಹೇಳಿದ ತಕ್ಷಣ ಹಾಸ್ಟೆಲ್‌ನಲ್ಲಿ ಮೊದಲು ಬರೋದು ಸಿನಿಮಾ ಡೈಲಾಗ್. ಆಮೇಲೆ ಬಂಗಾರಪೇಟೆ ಪಾನಿಪೂರಿ ಬಗ್ಗೆ ಪ್ರಶ್ನೆ. ಹಾವಿನ ಬಗ್ಗೆ ಯಾರೂ ಕೇಳಲ್ಲ. ಆದ್ರೆ ನಮ್ಮ ಕಡೆ ಹಾವು ದಿನನಿತ್ಯದ ವಿಷಯ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಎಷ್ಟೋ ಶೆಡ್ಡು, ಕಟ್ಟಡಗಳು ಪಾಳು ಬಿದ್ದಿವೆ. ಸುತ್ತ ಪೊದೆ, ಪೊದೆಯಲ್ಲಿ ಇಲಿ, ಇಲಿ ಹಿಂದೆ ಹಾವು. ಇದಕ್ಕೆ ನಮ್ಮ ಲೈನ್ ಮನೆಗಳಲ್ಲಿ ಇರೋದು ಒಂದೇ ಮದ್ದು: ಹೊಸ್ತಿಲ ಉದ್ದಕ್ಕೂ ಕಪ್ಪು ಫಿನಾಯಿಲ್ ಸುರಿಯೋದು. ವಾಸನೆ ಘಾಟಾಗಿದ್ರೆ ಹಾವು ಬರಲ್ಲ, ಕೀಟಾಣುನೂ ಬರಲ್ಲ ಅನ್ನೋದು ನಂಬಿಕೆ. ನಾನೂ ಅದನ್ನೇ ನಂಬಿ ಬೆಳೆದವನು. ಆ ನಂಬಿಕೆಯಿಂದ ಒಂದು ಹಾವು ಸಾಯೋದ್ರಲ್ಲಿತ್ತು, ಅದೂ ನನ್ನ ಕೈಯಾರೆ. ಅದನ್ನೇ ಇಲ್ಲಿ ಬರೀತಿದ್ದೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಮನೆ ಸುತ್ತ ತಮಿಳು, ತೆಲುಗು. ಹಾಗಾಗಿ ಒತ್ತಕ್ಷರ ಆಚೀಚೆ ಆದ್ರೆ ಕ್ಷಮಿಸಿ.

ಬಂಗಾರಪೇಟೆಯಲ್ಲಿ ನಮ್ಮ ದೊಡ್ಡಪ್ಪನ ಮನೆ. ಅವರ ಮಗ, ಅಂದ್ರೆ ನಮ್ಮಣ್ಣ, ದಿನಾ ಟ್ರೇನ್‌ನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರ್ತಾನೆ. ಅವನ ರೂಮ್‌ನಲ್ಲಿ ಒಂದು ಬಾಲ್ ಪೈಥಾನ್ ಇದೆ. ಹೆಸರು ಚಿನ್ನಿ. ಗೋಲ್ಡ್ ಫೀಲ್ಡ್ಸ್ ಪಕ್ಕದ ಊರಲ್ಲಿ ಇನ್ನೇನು ಹೆಸರಿಡೋಕೆ ಆಗುತ್ತೆ?

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲಾಂದ್ರೆ ಇದನ್ನ ಓದಿ ಯಾರಾದ್ರೂ ಕ್ಯಾಂಪಸ್ ಹಿಂದಿನ ಕೇರೆಹಾವು ಹಿಡ್ಕೊಂಡು ಬಂದುಬಿಡ್ತೀರ. ನಮ್ಮ ದೇಶದ ಹಾವುಗಳನ್ನ ಮನೇಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ ಆಫ್ರಿಕಾದ್ದು, ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಇಂಥ ಪ್ರಾಣಿ ಇದ್ದವರು 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸಬೇಕು. ಅಣ್ಣ ಮಾಡಿಸಿದ್ದಾನೆ. ಮಾಡಿಸದೆ ಕದ್ದು ತರೋರೂ ಇದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಬ್ಯಾಗುಗಳಲ್ಲಿ 72 ಹಾವು ಸಿಕ್ಕಿದ್ವು, ಅದ್ರಲ್ಲಿ 55 ಬಾಲ್ ಪೈಥಾನ್. ಹಾಗೆ ಒತ್ತೊತ್ತಾಗಿ ತುಂಬಿಕೊಂಡು ಬಂದ ಪ್ರಾಣಿಗಳಲ್ಲಿ ಒಂದಕ್ಕೆ ರೋಗ ಇದ್ರೂ ಎಲ್ಲಕ್ಕೂ ಅಂಟೋ ಚಾನ್ಸ್ ಇದೆ. ಬೇರೆ ಕಡೆಯಿಂದ ಹೊಸ ಹಾವು ಬಂದ್ರೆ ಬೇರೆ ಡಬ್ಬ, ಬೇರೆ ಬ್ರಷ್ ಅನ್ನೋ ರೂಲ್ ಇರೋದೇ ಇದಕ್ಕೆ.

ಸರಿ, ಕಥೆಗೆ ಬರ್ತೀನಿ. ಹೋದ ದಸರಾ ರಜೆಯಲ್ಲಿ ಅಣ್ಣ ಆಫೀಸ್ ಕೆಲಸಕ್ಕೆ ಅಂತ ಐದು ದಿನ ಪುಣೆಗೆ ಹೋದ. ಚಿನ್ನಿ ಜವಾಬ್ದಾರಿ ನನಗೆ. ಎರಡನೇ ದಿನ ಅದು ಟಬ್ ಪೂರ್ತಿ ಗಲೀಜು ಮಾಡಿತ್ತು. ಹಾವಿನ ಗಲೀಜು ನೋಡಿಲ್ಲದವರಿಗೆ ಹೇಳ್ತೀನಿ: ಕಂದು ಬಣ್ಣದ ಮಲ, ಜೊತೆಗೆ ಸುಣ್ಣದ ಥರ ಬಿಳಿ ಉಂಡೆ. ಆ ಬಿಳೀದು ಯೂರಿಕ್ ಆಸಿಡ್, ಅಂದ್ರೆ ಹಾವಿನ ಉಚ್ಚೆ. ದೊಡ್ಡಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು, "ಅಯ್ಯೋ, ಫಿನಾಯಿಲ್ ಹಾಕಿ ಒರೆಸೋ ಮಾರಾಯ" ಅಂದ್ರು. ನಾನು ಪೇಪರ್ ತೆಗೆದು, ಬಟ್ಟೆಗೆ ಫಿನಾಯಿಲ್ ಸುರ್ಕೊಂಡು, ಟಬ್ ಪೂರ್ತಿ ಒರೆಸಿ, ಹೊಸ ಪೇಪರ್ ಹಾಸಿ, ಹತ್ತೇ ನಿಮಿಷದಲ್ಲಿ ಚಿನ್ನೀನ ಒಳಗೆ ಬಿಟ್ಟು ಮುಚ್ಚಳ ಹಾಕಿದೆ. ಘಮ್ ಅಂತ ವಾಸನೆ. ಕೆಲಸ ನೀಟಾಗಿ ಆಯ್ತು ಅಂದ್ಕೊಂಡೆ.

ರಾತ್ರಿ ಹತ್ತೂವರೆಗೆ ನೋಡ್ತೀನಿ, ಚಿನ್ನಿ ತಲೆ ಮೇಲೆತ್ತಿಕೊಂಡು ಬಾಯಿ ತೆರೆದು ಉಸಿರಾಡ್ತಿದೆ. ಬಾಯಿ ಅಂಚಲ್ಲಿ ನೊರೆ. ಅಣ್ಣನಿಗೆ ವಿಡಿಯೋ ಕಾಲ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಏನು ಹಾಕಿ ಕ್ಲೀನ್ ಮಾಡ್ದೆ?" ನಾನು ಹೇಳಿದೆ. ಆಮೇಲೆ ಅವನು ಬೈದಿದ್ದನ್ನ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯೋಕೆ ಆಗಲ್ಲ. ಅವನು ಹೇಳಿದ ಹಾಗೆ ಹಾವನ್ನ ತಕ್ಷಣ ಹೊರಗೆ ತೆಗೆದು, ಉಗುರು ಬೆಚ್ಚಗಿನ ನೀರಲ್ಲಿ ಮೈ ತೊಳೆದು, ಬೇರೆ ಬಕೆಟ್‌ನಲ್ಲಿ ಬರೀ ಪೇಪರ್ ಹಾಸಿ, ಮೇಲೆ ತೆಳು ಬಟ್ಟೆ ಕಟ್ಟಿ, ಕಿಟಕಿ ಇರೋ ರೂಮ್‌ನಲ್ಲಿ ಇಟ್ಟೆ. ಬೆಳಿಗ್ಗೆ ಅಣ್ಣನ ಫ್ರೆಂಡ್ ಕಾರಲ್ಲಿ ಬೆಂಗಳೂರಿಗೆ, ಹಾವು ನೋಡೋ ವೆಟ್ ಹತ್ರ. ಚಿನ್ನಿ ಬದುಕಿತು. ಆದ್ರೆ ಎರಡು ತಿಂಗಳು ಊಟ ಮುಟ್ಟಲಿಲ್ಲ.

ಕಾಲೇಜಿಗೆ ವಾಪಸ್ ಬಂದ ಮೇಲೆ ನಾನು ಮಾಡಿದ ಕೆಲಸ ಅಂದ್ರೆ ಯಾಕೆ ಹೀಗಾಯ್ತು ಅಂತ ಓದಿದ್ದು. ಕಪ್ಪು ಫಿನಾಯಿಲ್‌ನಲ್ಲಿ ಇರೋದು ಕೋಲ್ ಟಾರ್‌ನಿಂದ ಬರೋ ಫಿನಾಲ್ ಜಾತಿಯ ಕೆಮಿಕಲ್‌ಗಳು. ಫಿನಾಲ್ ಅಂದ್ರೆ 1860ರ ದಶಕದಲ್ಲಿ ಜೋಸೆಫ್ ಲಿಸ್ಟರ್ ಆಪರೇಷನ್ ಗಾಯಗಳಿಗೆ ಬಳಸಿದ ಕಾರ್ಬಾಲಿಕ್ ಆಸಿಡ್. ಅದು ಬ್ಯಾಕ್ಟೀರಿಯಾದ ಹೊರಪದರ ಒಡೆದು, ಪ್ರೋಟೀನ್ ಕೆಡಿಸುತ್ತೆ. ತೊಂದರೆ ಏನಂದ್ರೆ ಅದಕ್ಕೆ ಬ್ಯಾಕ್ಟೀರಿಯಾದ ಪ್ರೋಟೀನ್ ಯಾವುದು, ಹಾವಿನದ್ದು ಯಾವುದು ಅಂತ ಗೊತ್ತಿಲ್ಲ. ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ಆವಿಯಾಗಿ ಶ್ವಾಸಕೋಶಕ್ಕೂ ಹೋಗುತ್ತೆ. ನಾವಾದ್ರೆ ವಾಸನೆ ಬಂತು ಅಂತ ಆಚೆ ಹೋಗ್ತೀವಿ. ಹಾವು ಮುಚ್ಚಿದ ಪ್ಲಾಸ್ಟಿಕ್ ಟಬ್‌ನಲ್ಲಿ, ಅದರ ಮೇಲೇನೇ ಹೊಟ್ಟೆ ಒತ್ತಿ ಮಲಗಿರುತ್ತೆ. ಅದಕ್ಕೆ ನಮ್ಮ ಹಾಗೆ ಡಯಾಫ್ರಾಮ್ ಇಲ್ಲ, ಗಟ್ಟಿಯಾಗಿ ಕೆಮ್ಮಿ ಹೊರಗೆ ಹಾಕೋಕೆ ಆಗಲ್ಲ. ನಾಲಿಗೆ ಆಚೆ ಹಾಕಿದಾಗಲೆಲ್ಲ ಗಾಳಿಯ ಕಣಗಳನ್ನ ಬಾಯಿ ಮೇಲ್ಭಾಗದ ಜೇಕಬ್ಸನ್ ಅಂಗಕ್ಕೆ ಒಯ್ಯುತ್ತೆ. ಅಂದ್ರೆ ವಾಸನೆಯನ್ನ ಹೆಚ್ಚು ಕಡಿಮೆ ನೆಕ್ಕಿ ನೋಡೋ ಪ್ರಾಣಿಗೆ ನಾನು ಫಿನಾಯಿಲ್ ಕೊಟ್ಟಿದ್ದೆ.

ಇನ್ನೊಂದು ಇಂಟರೆಸ್ಟಿಂಗ್ ವಿಷಯ. ಫಿನಾಯಿಲ್ ಬಾಟಲಿ ಮೇಲೆ ಆರ್‌ಡಬ್ಲ್ಯೂಸಿ ಅಂತ ಒಂದು ನಂಬರ್ ಇರುತ್ತೆ, ನೋಡಿದ್ದೀರಾ? ರಿಡಿಯಲ್ ಮತ್ತು ವಾಕರ್ ಅನ್ನೋ ಇಬ್ಬರು 1903ರಲ್ಲಿ ಮಾಡಿದ ಅಳತೆ ಅದು. ಟೈಫಾಯ್ಡ್ ಬ್ಯಾಕ್ಟೀರಿಯಾ ಕೊಲ್ಲೋಕೆ ಶುದ್ಧ ಫಿನಾಲ್‌ಗಿಂತ ಈ ದ್ರವ ಎಷ್ಟು ಪಟ್ಟು ಬಲ ಅನ್ನೋದು ಲೆಕ್ಕ. ವಾಸನೆಗೂ ಆ ನಂಬರ್‌ಗೂ ಸಂಬಂಧವೇ ಇಲ್ಲ. ಮನೇಲಿರೋ ಡೆಟಾಲ್ ಆದ್ರೂ ಇದೇ ಕುಟುಂಬ. ಅದರ ಕ್ಲೋರೋಕ್ಸೈಲೆನಾಲ್ ಕೂಡ ಫಿನಾಲ್ ಮಗನೇ. ಹಾವಿನ ಟಬ್‌ಗೆ ಅದೂ ಬೇಡ. ಬೆಕ್ಕು ಸಾಕೋರು ಕೂಡ ಇದನ್ನ ನೆನಪಿಡಿ, ಬೆಕ್ಕಿನ ಲಿವರ್ ಫಿನಾಲ್‌ನ ಸರಿಯಾಗಿ ಹೊರಗೆ ಹಾಕಲ್ಲ.

ಹಾಗಾದ್ರೆ ಏನು ಹಾಕಬೇಕು? ನಾನು ಮೊದಲು ಈ ಪ್ರಶ್ನೇನೇ ಕೇಳಿದ್ದು, ಅಣ್ಣ ಹೇಳಿದ ಉತ್ತರ: ಮೊದಲು ಸೋಪು. ಡಿಸ್‌ಇನ್‌ಫೆಕ್ಟೆಂಟ್ ಯಾವುದೇ ಆಗಲಿ, ಗಲೀಜಿನ ಮೇಲೆ ಸುರಿದ್ರೆ ಅದು ಗಲೀಜಿನ ಜೊತೆ ರಿಯಾಕ್ಟ್ ಆಗಿ ಮುಗಿದು ಹೋಗುತ್ತೆ, ಅಡಿಯಲ್ಲಿರೋ ಕೀಟಾಣು ಆರಾಮಾಗಿರುತ್ತೆ. ಅದಕ್ಕೇ ಮೊದಲು ಕೆರೆದು ತೆಗಿ, ಬಿಸಿನೀರು ಮತ್ತು ಪಾತ್ರೆ ಸೋಪಲ್ಲಿ ಉಜ್ಜು, ಸೋಪು ಹೋಗೋವರೆಗೆ ತೊಳಿ. ಕೆಮಿಕಲ್ ಆಮೇಲೆ. ನಾನು ಈ ಸ್ಟೆಪ್ಪೇ ಮಾಡಿರಲಿಲ್ಲ. ಅಂದ್ರೆ ನನ್ನ ಫಿನಾಯಿಲ್ ಹಾವಿಗೆ ವಿಷ ಆಯ್ತು, ಕೀಟಾಣು ಮೇಲೆ ಎಷ್ಟು ಕೆಲಸ ಮಾಡ್ತೋ ದೇವರಿಗೇ ಗೊತ್ತು.

ಕೈಗೆಟಕುವ ಬೆಲೆಯಲ್ಲಿ ಸಿಗೋದು ಬ್ಲೀಚ್, ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್. ಬಾಟಲಿ 4% ಇದ್ದು, ನಮಗೆ 0.2% ಬೇಕು ಅಂತ ಇಟ್ಕೊಳ್ಳಿ. ಪಿಯುಸಿಯ ಸಿ1ವಿ1 = ಸಿ2ವಿ2 ಕೊನೆಗೂ ಕೆಲಸಕ್ಕೆ ಬಂತು: 4 × ವಿ = 0.2 × 1000, ಅಂದ್ರೆ ಒಂದು ಲೀಟರ್ ದ್ರಾವಣಕ್ಕೆ 50 ಎಂಎಲ್ ಬ್ಲೀಚ್. ತೊಳೆದ ಟಬ್‌ಗೆ ಇದನ್ನ ಹಚ್ಚಿ ಹತ್ತು ನಿಮಿಷ ಒದ್ದೆಯಾಗೇ ಇರಬೇಕು. ಈ ಹತ್ತು ನಿಮಿಷವೇ ಮುಖ್ಯ. ಸ್ಪ್ರೇ ಮಾಡಿ ತಕ್ಷಣ ಒರೆಸಿದ್ರೆ ನೀವು ಟಬ್‌ಗೆ ಸೆಂಟ್ ಹೊಡೆದ ಹಾಗೆ, ಅಷ್ಟೇ. ಆಮೇಲೆ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ಮೂಗಿಟ್ಟು ನೋಡಿದ್ರೆ ಕ್ಲೋರಿನ್ ವಾಸನೆ ಇರಬಾರದು. ಹಾವು ಈ ಹೊತ್ತೆಲ್ಲ ಬೇರೆ ರೂಮಲ್ಲಿ.

ಬ್ಲೀಚ್ ದ್ರಾವಣ ದಿನಾ ಹೊಸದಾಗಿ ಮಾಡಿ, ಬಿಸಿಲು ಮತ್ತು ಶಾಖಕ್ಕೆ ಬಲ ಕಳ್ಕೊಳ್ಳುತ್ತೆ. ಬಾತ್‌ರೂಮ್‌ನ ಟಾಯ್ಲೆಟ್ ಕ್ಲೀನರ್ ಜೊತೆ ಮಾತ್ರ ಯಾವತ್ತೂ ಸೇರಿಸಬೇಡಿ. ಅದ್ರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ, ಹಾವಿಗಿಂತ ಮೊದಲು ನೀವೇ ಆಸ್ಪತ್ರೆಗೆ. ವಿನೆಗರ್ ಜೊತೆಗೂ ಅದೇ ಕಥೆ. ಆ ಬಿಳಿ ಉಂಡೆ ಮೇಲೆ ನೇರವಾಗಿ ಬ್ಲೀಚ್ ಸುರಿದ್ರೂ ಕಣ್ಣು ಉರಿಯೋ ಕ್ಲೋರಮೀನ್ ಹುಟ್ಟುತ್ತೆ. ಮೊದಲು ಕೆರೆದು ತೆಗಿ ಅನ್ನೋದಕ್ಕೆ ಇದು ಇನ್ನೊಂದು ಕಾರಣ.

ಅಣ್ಣ ವಾರದ ಕ್ಲೀನಿಂಗ್‌ಗೆ ಬಳಸೋದು ಕ್ಲೋರ್‌ಹೆಕ್ಸಿಡಿನ್. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುತ್ತೆ. 2% ಇದ್ರೆ 25 ಎಂಎಲ್‌ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದ್ರೆ 0.05% ಆಗುತ್ತೆ. ವಾಸನೆ ಹೆಚ್ಚೇನಿಲ್ಲ, ಹಾವಿಗೆ ಕಿರಿಕಿರಿ ಕಡಿಮೆ. ಆದ್ರೆ ಸೋಪಿನ ಅಂಶ ಉಳಿದಿದ್ರೆ ಇದು ಕೆಲಸ ಮಾಡಲ್ಲ, ಯಾಕಂದ್ರೆ ಇದು ಪಾಸಿಟಿವ್ ಚಾರ್ಜ್, ಸೋಪು ನೆಗೆಟಿವ್. ಬ್ಲೀಚ್ ಜೊತೆ ಸೇರಿದ್ರೆ ಕಂದು ಬಣ್ಣದ ಗಸಿ ಆಗುತ್ತೆ. ಆದ್ದರಿಂದ ಎರಡರಲ್ಲಿ ಒಂದು. ನೆಲ ಒರೆಸೋ ಲಿಕ್ವಿಡ್‌ಗಳಲ್ಲಿ ಇರೋ ಬೆಂಜಾಲ್ಕೋನಿಯಂ ಕ್ಲೋರೈಡ್ ಕೂಡ ಪಾಸಿಟಿವ್ ಗ್ಯಾಂಗ್‌ದೇ. ಅದಕ್ಕೆ ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ತೊಂದರೆ: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರ ಬಲ ತಗ್ಗಿಸುತ್ತವೆ. ದೊಡ್ಡಮ್ಮನ ಮನೆ ಬಕೆಟ್‌ಗಳ ಒಳಗಿರೋ ಬಿಳಿ ಕಲೆ ನೋಡಿದ್ರೆ ಅದರ ಗತಿ ಏನು ಅಂತ ಗೊತ್ತಾಗುತ್ತೆ. ಜೊತೆಗೆ ಅದರ ನಿಂಬೆ, ಮಲ್ಲಿಗೆ ಪರಿಮಳ ಹಾವಿಗೆ ಯಾಕೆ?

ಸ್ಯಾನಿಟೈಸರ್, ಸ್ಪಿರಿಟ್ ಬಗ್ಗೆ ಹೆಚ್ಚು ಹೇಳಲ್ಲ. ಕೆಲಸ ಮುಗಿಯೋ ಮೊದಲೇ ಆರಿ ಹೋಗುತ್ತೆ, ಅಕ್ರಿಲಿಕ್ ಸೀಳು ಬಿಡುತ್ತೆ, ಹೀಟ್ ಮ್ಯಾಟ್ ಪಕ್ಕ ಬೆಂಕಿ ಭಯ.

ಇಷ್ಟೆಲ್ಲ ಮಾಡಿದ್ರೂ ಸಾಯದ ಒಂದು ಜೀವಿ ಇದೆ: ಕ್ರಿಪ್ಟೋಸ್ಪೊರಿಡಿಯಂ. ಹಾವಿನ ಹೊಟ್ಟೆಯಲ್ಲಿ ಸೇರಿಕೊಂಡು, ಮಧ್ಯಭಾಗ ಊದಿಸಿ, ತಿಂದಿದ್ದನ್ನ ಕಕ್ಕಿಸುತ್ತೆ. ಕ್ಲೋರಿನ್‌ಗೆ ಜಗ್ಗಲ್ಲ. ಇದರ ಇನ್ನೊಂದು ಜಾತಿ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲೇ ಬಂದು ಸುಮಾರು 4 ಲಕ್ಷ ಜನರನ್ನ ಮಲಗಿಸಿತ್ತು. ಅದು ಹೆದರೋದು ಶಾಖಕ್ಕೆ. ನೀರಿನ ಬಟ್ಟಲು, ಅಡಗಿ ಕೂರೋ ಮಣ್ಣಿನ ಮಡಕೆ ಇವನ್ನೆಲ್ಲ ಹತ್ತು ನಿಮಿಷ ಕುದಿಸಿದ್ರೆ ಯಾವ ಕೆಮಿಕಲ್ಲೂ ಬೇಡ. ಮರದ ತುಂಡು, ತೆಂಗಿನ ನಾರು ರಂಧ್ರ ರಂಧ್ರ ಇರೋದ್ರಿಂದ ಒಳಗೆ ಸರಿಯಾಗಿ ಕ್ಲೀನ್ ಆಗಲ್ಲ. ಕಾಯಿಲೆ ಬಂದ ಹಾವಿನದ್ದಾದ್ರೆ ಬಿಸಾಕೋದೇ. ಹಾಸೋಕೆ ಹಳೇ ನ್ಯೂಸ್‌ಪೇಪರ್‌ಗಿಂತ ಒಳ್ಳೇದು, ಅಗ್ಗದ್ದು ನನಗಂತೂ ಕಾಣಿಸಿಲ್ಲ.

ಕುದಿಸೋಕೆ ಅಣ್ಣ ಅಡುಗೆಮನೆಯ ಕುಕ್ಕರ್ ಕೇಳಿದ್ದ. ದೊಡ್ಡಮ್ಮ ನೋಡಿದ ನೋಟಕ್ಕೆ ಮಾರನೇ ದಿನವೇ ಗುಜರಿ ಅಂಗಡಿಯಿಂದ ಒಂದು ಅಲ್ಯೂಮಿನಿಯಂ ಪಾತ್ರೆ ಬಂತು. ಈ ವಿಷಯದಲ್ಲಿ ದೊಡ್ಡಮ್ಮ ಹೇಳಿದ್ದೇ ಕರೆಕ್ಟ್. ಆರೋಗ್ಯವಾಗಿ ಕಾಣೋ ಹಾವಿನ ಕರುಳಲ್ಲೂ ಸಾಲ್ಮೊನೆಲ್ಲಾ ಇರಬಹುದು. ಟಬ್‌ನ ಅಡುಗೆಮನೆ ಸಿಂಕ್‌ನಲ್ಲಿ ತೊಳೆದ್ರೆ ಅದು ನಮ್ಮ ತಟ್ಟೆಗೆ ಬರುತ್ತೆ. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರಿಗೆ ಅಪಾಯ ಹೆಚ್ಚು. ಹಾವಿನ ಬ್ರಷ್ಷು, ಬಕೆಟ್ಟು ಬೇರೆ, ತೊಳೆಯೋ ಜಾಗ ಬೇರೆ, ಆಮೇಲೆ ಸೋಪಲ್ಲಿ ಕೈ ತೊಳಿ.

ಹೊಸ್ತಿಲಿಗೆ ಸುರಿಯೋ ಫಿನಾಯಿಲ್ ಬಗ್ಗೆ ಅಮ್ಮನಿಗೂ ಹೇಳಿದೆ. ಹಾವು ಬರೋದು ಇಲಿಗೆ, ಮನೆ ಹಿಂದಿನ ಸೌದೆ ರಾಶಿ ತೆಗೆದು, ಬಾಗಿಲ ಕೆಳಗಿನ ಸಂದು ಮುಚ್ಚೋಣ ಅಂತ. ಸಂದು ಮುಚ್ಚಿಸಿದ್ರು, ಸೌದೆ ತೆಗೆಸಿದ್ರು. ಫಿನಾಯಿಲ್ ಮಾತ್ರ ಇನ್ನೂ ಸುರೀತಾರೆ.

ಬಂಗಾರಪೇಟೆಯಲ್ಲಿ ಈಗ ಬ್ಲೀಚ್‌ಗೆ ಅಂತಲೇ ಒಂದು ಅಳತೆ ಮುಚ್ಚಳ ಇದೆ, 50 ಎಂಎಲ್ ಹತ್ರ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೀನಿ. ಪಕ್ಕದಲ್ಲಿ ಅಣ್ಣ ನನ್ನ ಹೆಸರು ಬರೆದಿದ್ದಾನೆ, ಕೆಳಗೆ "ಹತ್ತು ನಿಮಿಷ" ಅಂತ. ಹೋದ ತಿಂಗಳು ಅವನು ಮತ್ತೆ ಊರಲ್ಲಿ ಇಲ್ಲದಾಗ ಟಬ್ ಕ್ಲೀನ್ ಮಾಡಿದ್ದು ನಾನೇ. ಫೋನ್‌ನಲ್ಲಿ ಟೈಮರ್ ಇಟ್ಟು ಹಿತ್ತಲಲ್ಲಿ ಕೂತಿದ್ದೆ. ದೊಡ್ಡಮ್ಮ ಬಂದು, ವಾಸನೆ ನೋಡಿ, "ಏನೂ ವಾಸನೆನೇ ಇಲ್ವಲ್ಲೋ, ಕ್ಲೀನ್ ಆಯ್ತಾ?" ಅಂತ ಕೇಳಿದ್ರು.